ಯಾನದಿಂದ ಮನಸ್ಸಿನ ಗಾಯ ಮಾಗೀತೆ?

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಊರಿನ ಮದುವೆ, ಉಪನಯನ, ನೇಮ, ಬ್ರಹ್ಮಕಲಶಗಳ ತಾರೀಖು ನೋಡಿಕೊಂಡು ರೈಲಿನ ಟಿಕೆಟು ತೆಗೆಯುವ ಈ ಸಂದರ್ಭದಲ್ಲಿ ಪ್ರವಾಸವನ್ನು ಕುರಿತು ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಕೊಡುವುದು ನಮ್ಮ ಉದ್ದೇಶವಲ್ಲ. ಹಿಂದೆಂದೋ ತಗಲಿದ ಆಘಾತದಿಂದ ನೊಂದ ಮನಸ್ಸು ಕುಟುಂಬದೊಡನೆ ಕೈಗೊಂಡ ಪ್ರವಾಸದಿಂದ, ಅದರಲ್ಲಿಯೂ ಕಡಲ ಯಾನದಿಂದ, ಗುಣಹೊಂದೀತೆ ಎಂಬ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಪಾಶ್ಚಾತ್ಯ ದೇಶಗಳಲ್ಲಿ ಮನೆ ಮಾರು ಮಾರಿ, ಹಾಯಿಹಡಗೊಂದನ್ನು ಕೊಂಡು, ಹೆಂಡತಿ ಮಕ್ಕಳೊಡನೆ ವರ್ಷಗಟ್ಟಲೆ ಸಾಗರದ ಮೇಲೆ ಬಾಳುವ ಕುಟುಂಬಗಳು ಹಲವಾರು ಇವೆ. ಯುದ್ಧ, ರೋಗ, ಸಾವು, ಮುರಿದ ಸಂಸಾರ, ಹೀಗೆ ಒಂದಿಲ್ಲೊಂದು ದುಃಖವನ್ನು ಹಿಂದೆ ಬಿಟ್ಟು ಹೊರಟವರು ಅವರಲ್ಲಿ ಅನೇಕರು. ಕಡಲು ಎಲ್ಲವನ್ನೂ ತೊಳೆದುಬಿಡುತ್ತದೆ ಎಂಬುದು ಅವರಲ್ಲಿ ಪ್ರಚಲಿತವಾದ ನಂಬುಗೆ. ಈ ನಂಬುಗೆಯಲ್ಲಿ ಸತ್ಯಾಂಶವಿದೆ. ಆದರೆ ಅರ್ಧ ಮಾತ್ರ ಇದೆ. ಉಳಿದ ಅರ್ಧವನ್ನು ತಿಳಿಯದೆ ಹೊರಟರೆ ಗಾಯ ಮಾಗುವ ಬದಲು ಕೀವಾಗುವುದೂ ಉಂಟು. ನೊಂದ ಜೀವದ ಕೈಯಲ್ಲಿ ಚುಕ್ಕಾಣಿಯ ಪಾಲಿದ್ದರೆ ಮಾತ್ರ ಯಾನವು ಔಷಧವಾಗುತ್ತದೆ ಎಂಬುದು ನಮ್ಮ ಮತ.

ಈ ಮತಕ್ಕೆ ಆಧಾರವಾಗಿ ಒಂದೇ ದ್ವೀಪದ ಎರಡು ಕಥೆಗಳನ್ನು ಹೇಳುತ್ತೇವೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ನಡುವೆ, ಆಂಸ್ಟರ್‌ಡ್ಯಾಮ್ ಎಂಬ ಚಿಕ್ಕ ದ್ವೀಪವಿದೆ. ಅದು ಫ್ರಾನ್ಸಿಗೆ ಸೇರಿದ್ದು. ಒಂದು ಸಂಶೋಧನ ಕೇಂದ್ರದ ಸಿಬ್ಬಂದಿಯ ಹೊರತು ಅಲ್ಲಿ ಜನವಸತಿಯಿಲ್ಲ.

ಮೊದಲನೆಯ ಕಥೆ ಇಂಗ್ಲೆಂಡಿನ ಒಬ್ಬ ಹುಡುಗಿಯದು. ೧೯೭೬ರಲ್ಲಿ, ಕ್ಯಾಪ್ಟನ್ ಕುಕ್ಕನು ತನ್ನ ಮೂರನೆಯ ಯಾತ್ರೆಗೆ ಹೊರಟು ಇನ್ನೂರು ವರ್ಷ ತುಂಬಿದ ನೆನಪಿಗಾಗಿ, ಅದೇ ದಾರಿಯಲ್ಲಿ ಸಾಗಬೇಕೆಂಬ ಹಂಬಲ ಆಕೆಯ ತಂದೆಗೆ ಹುಟ್ಟಿತು. ಏಳು ವರ್ಷದ ಮಗಳು ಸುಝಾನ್, ಅವಳ ತಮ್ಮ, ತಾಯಿ, ಎಲ್ಲರೂ 'ವೇವ್‌ವಾಕರ್' ಎಂಬ ಹಾಯಿಹಡಗನ್ನೇರಿದರು. ಮೂರು ವರ್ಷಗಳ ಯಾತ್ರೆಯೆಂದು ಮಕ್ಕಳಿಗೆ ಹೇಳಲಾಗಿತ್ತು. ಹಿಂದೂ ಮಹಾಸಾಗರದಲ್ಲಿ ಪ್ರಚಂಡವಾದ ಅಲೆಯೊಂದು ಹಡಗಿನ ಮೇಲೆ ಬಿದ್ದಿತು. ಹುಡುಗಿಯ ತಲೆಬುರುಡೆ ಬಿರಿಯಿತು. ಹೇಗೋ ಆಂಸ್ಟರ್‌ಡ್ಯಾಮ್ ದ್ವೀಪವನ್ನು ತಲಪಿದರು. ಅಲ್ಲಿದ್ದ ವೈದ್ಯನು ಅರಿವಳಿಕೆಯಿಲ್ಲದೆಯೇ ಆ ಮಗುವಿನ ತಲೆಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ನಡೆಸಬೇಕಾಯಿತು. ಇಷ್ಟಾದ ಮೇಲೂ ಯಾನ ನಿಲ್ಲಲಿಲ್ಲ. ಮೂರು ವರ್ಷವೆಂದದ್ದು ಹತ್ತು ವರ್ಷವಾಯಿತು. ಆಕೆಗೆ ಶಾಲೆಯಿಲ್ಲ, ಗೆಳತಿಯರಿಲ್ಲ. ಅಡಿಗೆ ಮತ್ತು ಶುಚಿಯ ಕೆಲಸ ಮಾತ್ರ ತಪ್ಪಲಿಲ್ಲ. ಹದಿನಾರರ ಪ್ರಾಯದಲ್ಲಿ ತಮ್ಮನೊಡನೆ ನ್ಯೂಜಿಲೆಂಡಿನಲ್ಲಿ ಬಿಡಲ್ಪಟ್ಟು, ಅಂಚೆಯ ಮೂಲಕ ಪಾಠ ಕಲಿತು, ತಾನೇ ಪತ್ರ ಬರೆದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದಳು. ಇಂದು ಸುಝಾನ್ ಹೇವುಡ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿರುವ ಈಕೆ ೨೦೨೩ರಲ್ಲಿ ತಮ್ಮ ಬಾಲ್ಯದ ಕಥೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ತಂದೆಗೆ ಸಾಹಸವಾಗಿದ್ದ ಆ ಹಡಗು ಮಗಳಿಗೆ ಸೆರೆಮನೆಯಾಗಿತ್ತೆಂಬುದು ಅದರ ಸಾರ.

ಎರಡನೆಯ ಕಥೆ ನಮ್ಮವರದೇ. ನೌಕಾದಳದ ಅಧಿಕಾರಿ ಅಭಿಲಾಷ್ ಟಾಮಿ ೨೦೧೨ರ ನವೆಂಬರ್ ಒಂದರಂದು ಇದೇ ಮುಂಬಯಿಯಿಂದ 'ಮ್ಹಾದೇಯಿ' ಎಂಬ ಹಾಯಿದೋಣಿಯಲ್ಲಿ ಒಂಟಿಯಾಗಿ ಹೊರಟು, ಎಲ್ಲಿಯೂ ತಂಗದೆ, ಯಾರ ನೆರವನ್ನೂ ಪಡೆಯದೆ ಭೂಪ್ರದಕ್ಷಿಣೆ ಮುಗಿಸಿ ೨೦೧೩ರಲ್ಲಿ ಇಲ್ಲಿಗೇ ಮರಳಿದ ಮೊದಲ ಭಾರತೀಯ. ೨೦೧೮ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಸೆಪ್ಟೆಂಬರ್ ೨೧ರಂದು, ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ 'ತುರೀಯ' ದೋಣಿಯ ಕೂವೆಮರ ಮುರಿಯಿತು. ಅವರ ಬೆನ್ನೆಲುಬಿಗೆ ತೀವ್ರವಾದ ಪೆಟ್ಟಾಯಿತು. ಅಲುಗಾಡಲಾರದೆ ಮಲಗಿದ್ದ ಅವರನ್ನು ಸೆಪ್ಟೆಂಬರ್ ೨೪ರಂದು ಫ್ರೆಂಚರ ನೌಕೆಯೊಂದು ಎತ್ತಿಕೊಂಡು ಅದೇ ಆಂಸ್ಟರ್‌ಡ್ಯಾಮ್ ದ್ವೀಪಕ್ಕೆ ಒಯ್ದಿತು. ಬೆನ್ನಿಗೆ ಟೈಟಾನಿಯಮ್ ಲೋಹದ ಕಂಬಿ ಹಾಕಬೇಕಾಯಿತು. ನಡೆಯುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ನಾಲ್ಕು ವರ್ಷಗಳ ಬಳಿಕ, ೨೦೨೨ರ ಸೆಪ್ಟೆಂಬರ್ ೪ರಂದು, ಅದೇ ಸ್ಪರ್ಧೆಗೆ ಅವರು ಮತ್ತೆ ಹೊರಟರು. ೨೩೬ ದಿನಗಳ ಅನಂತರ, ೨೦೨೩ರ ಏಪ್ರಿಲ್ ೨೯ರಂದು, ಎರಡನೆಯವರಾಗಿ ದಡ ಸೇರಿದರು.

ಕಡಲು ಒಂದೇ, ಬಿರುಗಾಳಿಯ ಸ್ವಭಾವ ಒಂದೇ, ಗಾಯಗೊಂಡು ತಲಪಿದ ದ್ವೀಪವೂ ಒಂದೇ. ಒಬ್ಬರಿಗೆ ಕಡಲು ಗಾಯದ ಮೂಲವಾಗಿ ಉಳಿಯಿತು; ಇನ್ನೊಬ್ಬರು ಅದೇ ಕಡಲಿಗೆ ಹಿಂದಿರುಗಿ ತಮ್ಮ ಬಾಳಿನ ಮುರಿದ ಎಳೆಯನ್ನು ಜೋಡಿಸಿಕೊಂಡರು. ಒಬ್ಬಳು ಏನೂ ಅರಿಯದ ಮಗು, ಇನ್ನೊಬ್ಬರು ತರಬೇತಾದ ನಾವಿಕ ಎಂಬ ಅಂತರವನ್ನು ನಾವು ಮರೆತಿಲ್ಲ. ಆ ಅಂತರದ ತಿರುಳೇನು? ಹೊರಡುವುದನ್ನೂ, ನಿಲ್ಲುವುದನ್ನೂ, ಹಿಂದಿರುಗುವುದನ್ನೂ ನಿಶ್ಚಯಿಸುವ ಅಧಿಕಾರ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ. ಆಘಾತಕ್ಕೊಳಗಾದವರ ಚಿಕಿತ್ಸೆಯನ್ನು ಕುರಿತು ೧೯೯೨ರಲ್ಲಿ ಮುಖ್ಯವಾದ ಗ್ರಂಥವೊಂದನ್ನು ಬರೆದ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಅವರೂ ಈ ಮಾತನ್ನೇ ಒತ್ತಿ ಹೇಳಿದ್ದಾರೆ. ಆಘಾತವೆಂದರೆ ಮನುಷ್ಯನ ಕೈಯಿಂದ ಅಧಿಕಾರವನ್ನು ಕಿತ್ತುಕೊಂಡ ಘಟನೆ; ಆದುದರಿಂದ ಎಷ್ಟೇ ಸದುದ್ದೇಶದಿಂದ ಮಾಡಿದರೂ ಅವನ ಅಧಿಕಾರವನ್ನು ಮತ್ತೆ ಕಿತ್ತುಕೊಳ್ಳುವ ಉಪಚಾರವು ಅವನನ್ನು ಗುಣಪಡಿಸಲಾರದು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಡನೆ ಮತ್ತೆ ಬೆರೆಯುವುದು, ಇದು ಆಕೆ ತೋರಿಸಿದ ಕ್ರಮ.

ಎಸ್.ಎಸ್.ಎಲ್.ಸಿ.ಯಷ್ಟೇ ಓದಿದ ನಮಗೆ ಈ ಶಾಸ್ತ್ರದ ಆಳ ತಿಳಿಯದು. ಆದರೆ ಹೋಟೆಲಿನ ಗಲ್ಲೆಯ ಮೇಲೆ ಬಹುಕಾಲ ಕುಳಿತವನಿಗೆ ತಿಳಿಯುವ ಕೆಲವು ಸಂಗತಿಗಳುಂಟು. ಒಂದು ಕುಟುಂಬ ಬಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತದೆ. ಮಾಣಿ ಬಂದು ನಿಂತೊಡನೆ ಯಜಮಾನರು, "ಐದು ಮಸಾಲೆ ದೋಸೆ, ಐದು ಕಾಫಿ" ಎಂದುಬಿಡುತ್ತಾರೆ. ಮಗುವಿಗೆ ಏನು ಬೇಕೆಂದು ಕೇಳಿದವರಿಲ್ಲ. ಹೆಂಡತಿಗೆ ಹಸಿವಿದೆಯೋ ಇಲ್ಲವೋ ನೋಡಿದವರಿಲ್ಲ. ಕೊಟ್ಟದ್ದನ್ನು ತಿಂದು, ಬಿಲ್ಲು ಕೊಟ್ಟು, ಎಲ್ಲರೂ ಮೌನವಾಗಿ ಎದ್ದು ಹೋಗುತ್ತಾರೆ. ಯಜಮಾನರು ಕೆಟ್ಟವರಲ್ಲ, ಮನೆಯವರನ್ನು ಸಂತೋಷಪಡಿಸಲೆಂದೇ ಕರೆತಂದವರು. ನಮ್ಮ ಪ್ರವಾಸಗಳೂ ಬಹುಮಟ್ಟಿಗೆ ಈ ಐದು ಮಸಾಲೆ ದೋಸೆಯ ಜಾತಿಗೆ ಸೇರಿದವು. ಎಲ್ಲಿಗೆ, ಎಂದು, ಎಷ್ಟು ದಿನ ಎಂಬುದನ್ನು ಹಿರಿಯರೊಬ್ಬರು ತೀರ್ಮಾನಿಸುತ್ತಾರೆ. ಏಳು ದಿನಗಳಲ್ಲಿ ಹನ್ನೊಂದು ಕ್ಷೇತ್ರ ಮುಗಿಸುತ್ತಾರೆ. ಮನೆಯ ಹೆಂಗಸರು ಊರಿಗೆ ಹೋದರೂ ಒಲೆಯ ಮುಂದೆಯೇ ಇರುತ್ತಾರೆ. ಇಂಥ ಪ್ರವಾಸದಿಂದ ಪುಣ್ಯ ಲಭಿಸಬಹುದು. ನೊಂದ ಮನಸ್ಸಿಗೆ ಸಮಾಧಾನ ಲಭಿಸುವುದು ಕಷ್ಟ.

ನಮ್ಮಲ್ಲಿ ನೊಂದ ಮನಸ್ಸುಗಳೆಲ್ಲಿವೆ ಎಂದು ಕೆಲವರು ಕೇಳಬಹುದು. ಈ ನಗರದ ಪಂಚಾಂಗವನ್ನು ತೆರೆದು ನೋಡಿರಿ. ೧೯೯೨-೯೩ರ ಗಲಭೆ, ೨೦೦೫ರ ಜುಲೈ ೨೬ರ ಮಹಾಮಳೆ, ೨೦೦೬ರ ಜುಲೈ ೧೧ರಂದು ಲೋಕಲ್ ರೈಲುಗಳಲ್ಲಿ ಸಿಡಿದ ಬಾಂಬುಗಳು, ೨೦೦೮ರ ನವೆಂಬರಿನ ದಾಳಿ, ೨೦೨೦-೨೧ರ ಮಹಾಮಾರಿ, ಇವುಗಳಲ್ಲಿ ಒಂದಾದರೂ ತಟ್ಟದ ಬೀದಿ ಇಲ್ಲಿಲ್ಲ. ಇವೆಲ್ಲಕ್ಕೂ ಹಿಂದಿನ ಇನ್ನೊಂದು ಗಾಯ ನಮ್ಮ ಸಮಾಜದ ಗಂಡಸರಲ್ಲಿದೆ. ಹತ್ತು ಹನ್ನೆರಡರ ಪ್ರಾಯದಲ್ಲಿ ತಾಯಿಯ ಸೆರಗು ಬಿಟ್ಟು, ಗುರುತಿನವರ ಹಿಂದೆ ಈ ನಗರಕ್ಕೆ ಬಂದು, ಹಗಲೆಲ್ಲ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಓದಿ, ಹೋಟೆಲಿನ ಮೇಜುಗಳ ಮೇಲೆಯೇ ಮಲಗಿ ಬೆಳೆದ ಹುಡುಗರು ಇಂದು ಧಣಿಗಳಾಗಿದ್ದಾರೆ, ಸಂಘಗಳ ಅಧ್ಯಕ್ಷರಾಗಿದ್ದಾರೆ. ಸನ್ಮಾನ ಸಮಾರಂಭಗಳಲ್ಲಿ ಆ ಕಷ್ಟದ ದಿನಗಳನ್ನು ಅವರು ಹೆಮ್ಮೆಯಿಂದ ವರ್ಣಿಸುತ್ತಾರೆ. ಕತ್ತಲೆಯಲ್ಲಿ ತಿಂದ ಪೆಟ್ಟು, ಊರಿಗೆ ಬರೆಯಲಾಗದ ಮಾತು, ಇವನ್ನು ಮಾತ್ರ ಹೆಂಡತಿಗೂ ಹೇಳಿರುವುದಿಲ್ಲ. ಆ ಮೌನವೇ ಮನೆಯಲ್ಲಿ ಸಿಟ್ಟಾಗಿ ಹೊರಬೀಳುತ್ತದೆ. "ದುಡಿ, ಎಲ್ಲ ಮರೆತುಹೋಗುತ್ತದೆ" ಎಂಬ ಒಂದೇ ಮದ್ದನ್ನು ತಂದೆಯು ಮಗನಿಗೂ ಕೊಡುತ್ತಾನೆ.

ಹಾಗಾದರೆ ಯಾನವು ಇಂಥವರಿಗೆ ಯಾವ ರೀತಿಯಿಂದ ಸಹಾಯಕವಾಗುತ್ತದೆ? ಇದಕ್ಕೆ ಅನುಕರಣೀಯವಾದ ಒಂದು ನಿದರ್ಶನ ಇಂಗ್ಲೆಂಡಿನಲ್ಲಿದೆ. ೨೦೦೫ರಲ್ಲಿ ಒಂಟಿಯಾಗಿ ೭೧ ದಿನಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿ ದಾಖಲೆ ಸ್ಥಾಪಿಸಿದ ಎಲೆನ್ ಮ್ಯಾಕಾರ್ಥರ್ ಎಂಬ ನಾವಿಕೆ ಅದಕ್ಕೂ ಮೊದಲೇ, ೨೦೦೩ರಲ್ಲಿ, ತಮ್ಮ ಹೆಸರಿನ ಧರ್ಮಸಂಸ್ಥೆಯೊಂದನ್ನು ಪ್ರಾರಂಭಿಸಿದರು. ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ಪಡೆದ, ಎಂಟರಿಂದ ಇಪ್ಪತ್ತನಾಲ್ಕು ವರ್ಷದೊಳಗಿನ ಮಕ್ಕಳನ್ನೂ ತರುಣರನ್ನೂ ಹಾಯಿದೋಣಿಗಳಲ್ಲಿ ಕೆಲವೇ ದಿನಗಳ ಮಟ್ಟಿಗೆ ಕರೆದೊಯ್ಯುವುದು ಅದರ ಕೆಲಸ. ಅಲ್ಲಿ ಅವರನ್ನು ರೋಗಿಗಳಂತೆ ಕೂರಿಸುವುದಿಲ್ಲ. ಹಗ್ಗ ಎಳೆಯುವವರು, ಚುಕ್ಕಾಣಿ ಹಿಡಿಯುವವರು, ಅಡಿಗೆ ಮಾಡುವವರು, ಪಾತ್ರೆ ತೊಳೆಯುವವರು ಎಲ್ಲ ಅವರೇ. ವರ್ಷಗಟ್ಟಲೆ ಹಾಸಿಗೆಯ ಮೇಲೆ ಮಲಗಿ, ಇತರರು ಹೇಳಿದಂತೆ ಸೂಜಿ ಚುಚ್ಚಿಸಿಕೊಂಡ ಮಗುವಿನ ಕೈಗೆ ಒಂದು ದೋಣಿಯ ದಿಕ್ಕನ್ನು ಒಪ್ಪಿಸುವುದೆಂದರೆ ಸಾಮಾನ್ಯ ಸಂಗತಿಯೆ? ತಂದೆ ತಾಯಿಯರು ಆ ಯಾನದಲ್ಲಿ ಜೊತೆಗಿರುವುದಿಲ್ಲ. ತಮ್ಮಂತೆಯೇ ನೊಂದ ಇತರ ಮಕ್ಕಳೇ ಅಲ್ಲಿ ಕುಟುಂಬ. ಆದರೂ ಅಲ್ಲಿಯ ಕ್ರಮದಿಂದ ನಮ್ಮ ಕುಟುಂಬಗಳು ಕಲಿಯತಕ್ಕದ್ದು ಬಹಳವಿದೆ.

ಹಾಯಿದೋಣಿಯಲ್ಲಿ ಯಾರೂ ಕೇವಲ ಪ್ರಯಾಣಿಕರಾಗಿರಲು ಸಾಧ್ಯವಿಲ್ಲ. ಗಾಳಿ ತಿರುಗಿತೆಂದರೆ ಹಾಯಿಯನ್ನು ತಿರುಗಿಸಲೇಬೇಕು. ತಂದೆಯ ದರ್ಪಕ್ಕೆ ಗಾಳಿ ಹೆದರುವುದಿಲ್ಲ. ಕಣ್ಣು ಕೈಗಳೆರಡೂ ಈ ಕ್ಷಣದ ಕೆಲಸದಲ್ಲಿ ತೊಡಗಿರುವುದರಿಂದ ಹಿಂದಿನದನ್ನು ಮೆಲುಕು ಹಾಕುವ ಮನಸ್ಸಿಗೆ ಬಿಡುವು ದೊರೆಯುತ್ತದೆ. ಮೈದಣಿದವನಿಗೆ ನಿದ್ದೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಜನರು ಪಕ್ಕಪಕ್ಕದಲ್ಲಿ ಕುಳಿತು ಒಂದೇ ದಿಕ್ಕನ್ನು ನೋಡುತ್ತಾರೆ. ಎದುರೆದುರು ಕೂರಿಸಿ "ಏನಾಯಿತು ಹೇಳು" ಎಂದರೆ ಬಾಯಿ ಬಿಡದ ಹುಡುಗ, ಅಡಿಗೆಮನೆಯ ಮೂಲೆಯಲ್ಲಿ ಭಟ್ಟರ ಪಕ್ಕ ಕುಳಿತು ಈರುಳ್ಳಿ ಸುಲಿಯುವಾಗ ತಾನಾಗಿಯೇ ಎಲ್ಲವನ್ನೂ ಹೇಳಿದ್ದನ್ನು ನಾವು ನಮ್ಮ ಹೋಟೆಲಿನಲ್ಲಿ ಅನೇಕ ಸಲ ಕಂಡಿದ್ದೇವೆ. ಕೈಗೆ ಕೆಲಸ, ಪಕ್ಕದಲ್ಲಿ ನಂಬುಗೆಯ ಜೀವ, ಮುಖಕ್ಕೆ ಮುಖ ಕೊಡಬೇಕಾದ ಬಲವಂತವಿಲ್ಲ, ಹೀಗಿದ್ದಾಗ ಮಾತು ಹುಟ್ಟುತ್ತದೆ. ದೋಣಿಯಲ್ಲಿ ಆಗುವುದೂ ಇದೇ.

ಕಡಲೆಂದರೆ ಕಾವ್ಯವೆಂದು ಎಲ್ಲರೂ ಭಾವಿಸುವಂತಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ೨೦೧೯ರ ಮೇ ತಿಂಗಳಲ್ಲಿ ಮಾಲ್ವಣದ ಆಚೆಯ ಕಡಲಿನಲ್ಲಿ ಅದರ ಅವಶೇಷ ದೊರೆಯಿತು. ೧೯೪೭ರ ಜುಲೈ ೧೭ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ' ಹಡಗು ಮುಳುಗಿ ೬೦೦ಕ್ಕೂ ಮಿಕ್ಕಿ ಜನರು ಪ್ರಾಣ ಬಿಟ್ಟರು. ೨೦೨೪ರ ಡಿಸೆಂಬರ್ ೧೮ರಂದು ಘಾರಾಪುರಿಗೆ ಜನರನ್ನು ಒಯ್ಯುತ್ತಿದ್ದ ಲಾಂಚಿಗೆ ನೌಕಾದಳದ ವೇಗದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಮಡಿದರು. ಕಡಲಿನಿಂದಲೇ ಮನೆಯ ದೀಪ ಆರಿಹೋದ ಕುಟುಂಬಗಳು ನಮ್ಮ ಮೊಗವೀರ ಬಂಧುಗಳಲ್ಲಿ ಎಷ್ಟೋ ಇವೆ. ಅವರಿಗೆ "ದೋಣಿ ಏರಿ, ಸಮಾಧಾನವಾಗುತ್ತದೆ" ಎಂದು ಉಪದೇಶಿಸುವುದು ಅವಿವೇಕ, ಕ್ರೂರತನವೂ ಹೌದು. ಅವರಿಗೆ ಬೆಟ್ಟದ ಹಾದಿ ಒಗ್ಗಬಹುದು, ರೈಲಿನ ಕಿಟಕಿ ಒಗ್ಗಬಹುದು. ನಿಶ್ಚಯ ಅವರದು. ನಮ್ಮ ವಾದದ ಮೂಲವೇ ಇದು.

ನಮ್ಮ ಪರಿಚಯದ ಒಂದು ಕುಟುಂಬದ ಸಂಗತಿಯನ್ನು ಅವರ ಒಪ್ಪಿಗೆಯ ಮೇರೆಗೆ, ಹೆಸರು ಹೇಳದೆ, ಬರೆಯುತ್ತೇವೆ. ೨೦೨೧ರಲ್ಲಿ ಮನೆಯ ಯಜಮಾನರು ಮಹಾಮಾರಿಗೆ ತುತ್ತಾದರು. ಹನ್ನೆರಡು ವರ್ಷದ ಮಗನಿಗೆ ತಂದೆಯ ಮುಖದರ್ಶನವೂ ಆಗಲಿಲ್ಲ. ಅಂದಿನಿಂದ ಅವನು ಮಾತು ಕಡಿಮೆ ಮಾಡಿದ. ಮರುವರ್ಷ ಸೋದರಮಾವನವರು ಎಲ್ಲರನ್ನೂ ದೊಡ್ಡ ಯಾತ್ರೆಗೆ ಕರೆದೊಯ್ದರು. ಹುಡುಗ ಮೊದಲಿಗಿಂತ ಹೆಚ್ಚು ಮಂಕಾಗಿ ಮರಳಿದ. ಆಮೇಲೊಂದು ದಿನ ತಾಯಿ, "ನಿನಗೆಲ್ಲಿಗೆ ಹೋಗಬೇಕೆನ್ನಿಸುತ್ತದೆ ಮಗೂ?" ಎಂದು ಕೇಳಿದರು. ಅವನು ಮಾಂಡ್ವಾಕ್ಕೆ ಹೋಗುವ ಲಾಂಚಿನ ಹೆಸರು ಹೇಳಿದ. ಹೋದರು, ಕಡಲಹಕ್ಕಿಗಳನ್ನು ನೋಡಿ ಸುಮ್ಮನೆ ಬಂದರು. ಮತ್ತೊಮ್ಮೆ ಹೋದರು. ಮೂರನೆಯ ಸಲ, ನಡುಕಡಲಿನಲ್ಲಿ, ಹುಡುಗ ತಾಯಿಯ ಮುಖ ನೋಡದೆ, "ಅಪ್ಪನಿಗೆ ಕೊನೆಯಲ್ಲಿ ಬಾಯಾರಿಕೆಯಾಗಿತ್ತೇನಮ್ಮ?" ಎಂದು ಕೇಳಿದ. ತಾಯಿಯೂ ಮಗನೂ ಅಂದು ಮೊದಲ ಬಾರಿ ಜೊತೆಯಾಗಿ ಅತ್ತರು. ಹುಡುಗನ ದುಃಖವೆಲ್ಲ ಅಲ್ಲಿಗೆ ಮುಗಿಯಿತೆಂದು ನಾವು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಎರಡು ವರ್ಷ ಅವನೊಬ್ಬನ ಎದೆಯಲ್ಲಿತ್ತು. ಅಂದಿನಿಂದ ಇಬ್ಬರ ನಡುವೆ ಇದೆ. ಖರ್ಚಾದದ್ದು ಲಾಂಚಿನ ಟಿಕೆಟು ಮಾತ್ರ.

ಆದುದರಿಂದ, ಈ ರಜೆಯಲ್ಲಿ ಪ್ರವಾಸ ಹೊರಡುವವರಲ್ಲಿ ನಮ್ಮ ಕೆಲವು ಅರಿಕೆಗಳಿವೆ. ಮನೆಯಲ್ಲಿ ನೊಂದವರಿದ್ದರೆ ಮೊದಲು ಅವರನ್ನೇ ಕೇಳಿರಿ. ಅವರು ಬೇಡವೆಂದರೆ ಬೇಡ. ಯಾನ ಚಿಕ್ಕದಾಗಿರಲಿ, ಹೊರಟ ದಿನವೇ ಹಿಂದಿರುಗುವ ದಾರಿ ಎಲ್ಲರಿಗೂ ತಿಳಿದಿರಲಿ. ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡಿರಿ: ಟಿಕೆಟು ಇಟ್ಟುಕೊಳ್ಳುವ ಕೆಲಸ ಎಂಟು ವರ್ಷದ ಮಗುವಿಗೂ ಸಾಧ್ಯ. ಮನೆಯ ಹೆಂಗಸರಿಗೆ ಆ ಒಂದು ದಿನವಾದರೂ ಒಲೆಯಿಂದ ಬಿಡುಗಡೆಯಿರಲಿ. ದೋಣಿಯೇರುವುದಾದರೆ ಮಳೆಗಾಲವನ್ನು ಬಿಟ್ಟು ಹೊರಡಿರಿ. ತೇಲುವ ಜಾಕೀಟನ್ನು ಮಕ್ಕಳು ದೊಡ್ಡವರೆನ್ನದೆ ತೊಟ್ಟುಕೊಳ್ಳಿರಿ, ಇಲ್ಲವೆಂದರೆ ಆ ದೋಣಿಯನ್ನೇ ಏರಬೇಡಿರಿ. ಮಾತಿಗಾಗಿ ಒತ್ತಾಯಿಸಬೇಡಿರಿ, ಮಾತು ಬಂದಾಗ ನಡುವೆ ಬಾಯಿ ಹಾಕಬೇಡಿರಿ. ನಿದ್ದೆಗೆಟ್ಟವರು, ಬಾಳೇ ಸಾಕೆನ್ನುವವರು ಮನೆಯಲ್ಲಿದ್ದರೆ ಪ್ರವಾಸವನ್ನು ನೆಚ್ಚದೆ ವೈದ್ಯರನ್ನು ಕಾಣಿರಿ. ಸರಕಾರವು ೨೦೨೨ರಲ್ಲಿ ಪ್ರಾರಂಭಿಸಿದ 'ಟೆಲಿ ಮಾನಸ್' ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಪ್ರವಾಸವು ವೈದ್ಯಕೀಯಕ್ಕೆ ಒತ್ತಾಸೆಯೇ ಹೊರತು ಅದರ ಬದಲಿಯಲ್ಲ.

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳಿಗೊಂದು ಸೂಚನೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡವರ ಮಕ್ಕಳೂ ಹಾಯಿದೋಣಿ ನಡೆಸಲು ಕಲಿತು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗಳಿಸಿದ್ದಾರೆ. ಹಾಯಿ ಎಂಬುದು ಶ್ರೀಮಂತರ ಸೊತ್ತೆಂಬ ಮಾತು ಇನ್ನು ನಡೆಯದು. ಮುಂಬಯಿ, ಚೆನ್ನೈಗಳಂಥ ಕಡಲತಡಿಯ ನಗರಗಳಲ್ಲಿರುವ ನಮ್ಮ ಸಂಘಗಳು ವರ್ಷಂಪ್ರತಿ ಶಾಲು, ಹಾರ, ಫಲಕಗಳಿಗಾಗಿ ವೆಚ್ಚ ಮಾಡುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳಿಗೆ, ಅವರಿಗೆ ಇಷ್ಟವಿದ್ದಲ್ಲಿ, ಒಂದು ದಿನದ ಯಾನವನ್ನು ಏರ್ಪಡಿಸಬಾರದೇಕೆ? ಭಾಷಣ ಬೇಡ, ಅಧ್ಯಕ್ಷತೆ ಬೇಡ, ಛಾಯಾಚಿತ್ರವೂ ಬೇಡ. ಪಳಗಿದ ಒಬ್ಬ ತಂಡೇಲ, ಗಟ್ಟಿಯಾದ ಒಂದು ದೋಣಿ, ಮನೆಯಿಂದ ಕಟ್ಟಿದ ಬುತ್ತಿ, ಇಷ್ಟಿದ್ದರೆ ಸಾಕು. ತಂಡೇಲನ ಪಕ್ಕದಲ್ಲಿ ಮಕ್ಕಳು ಸರದಿಯಂತೆ ಕುಳಿತು ಒಂದೊಂದು ಗಳಿಗೆ ಚುಕ್ಕಾಣಿ ಹಿಡಿಯಲಿ. ಇದಕ್ಕೆ ಮುಂದೆ ಬರುವ ಸಂಘದ ಮಹನೀಯರು ನಮಗೆ ಒಂದು ಸಾಲು ಬರೆದು ತಿಳಿಸಿದರೆ, ಮೊದಲ ದಿನದ ಬುತ್ತಿಯ ಭಾರವನ್ನು ನಾವು ಸಂತೋಷದಿಂದ ಹೊರುತ್ತೇವೆ.